ಉಪ್ಪುನೀರಿನ ಒಕ್ಕಲು

ದೀಪಾವಳಿಗೆ ಕುಮಟಾ ಕಡೆ ಹೋದವನು ನೆಂಟರ ದೋಣಿ ಹತ್ತಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆ ಸುತ್ತಿದೆ. ಇಳಿತದ ಹೊತ್ತು. ದಂಡೆಯುದ್ದಕ್ಕೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ ಬಯಲಾಗಿತ್ತು.

ಹುಟ್ಟು ಹಾಕುತ್ತಿದ್ದ ಅಣ್ಣ ಒಂದು ಎಲೆ ಕಿತ್ತು ಕೊಟ್ಟರು. "ನೆಕ್ಕಿ ನೋಡು ತಮಾ." ಎಲೆ ಮೇಲೆ ಬಿಸಿಲಿಗೆ ಮಿನುಗುವ ಸಣ್ಣ ಹರಳು, ನಾಲಿಗೆಗೆ ತಾಗಿದರೆ ಅಪ್ಪಟ ಉಪ್ಪು. ಅದು ಅವಿಸೆನಿಯಾ, ಕಾಂಡ್ಲಾದ ಒಂದು ಬಗೆ. ಬೇರಿನಲ್ಲಿ ಸೋಸಿ ಮಿಕ್ಕ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಗಾಳಿಯಾಡದ ಕೆಸರಿನಿಂದ ಅದರ ಉಸಿರುಬೇರುಗಳು ಪೆನ್ಸಿಲ್ ನೆಟ್ಟಂತೆ ಮೇಲೆದ್ದಿದ್ದವು. ಪಕ್ಕದಲ್ಲೇ ಊರುಗಾಲು ಕೊಟ್ಟು ನಿಂತಿದ್ದ ಇನ್ನೊಂದು ಬಗೆ, ರೈಜೋಫೊರಾದ ಎಲೆಯನ್ನೂ ನೆಕ್ಕಿದೆ (ಅಣ್ಣ ನಕ್ಕರು). ಸಪ್ಪೆ! ಇದು ಉಪ್ಪಿನ ಬಹುಪಾಲನ್ನು ಬೇರಿನ ಬಾಗಿಲಲ್ಲೇ ತಡೆಯುತ್ತದೆ. ಇದರ ಬೀಜ ಮರದ ಮೇಲೇ ಮೊಳೆತು, ಉದ್ದ ಸಸಿಯಾಗಿ ನೇತಾಡಿ, ಆಮೇಲೆ ಕೆಳಗೆ ಬೀಳುತ್ತದೆ.

ಇವಕ್ಕೆ ಉಪ್ಪೆಂದರೆ ಪ್ರೀತಿ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಾಂಡ್ಲಾದ ಅನೇಕ ಜಾತಿಗಳು ಸಿಹಿನೀರಲ್ಲೂ ಬೆಳೆಯಬಲ್ಲವು; ಅಲ್ಲಿ ಬೇರೆ ಗಿಡಗಳ ಪೈಪೋಟಿಗೆ ನಿಲ್ಲಲಾರವು, ಅಷ್ಟೇ. ಯಾರಿಗೂ ಬೇಡದ ಜಾಗ ಹಿಡಿದು ಸಂಸಾರ ಹೂಡಿವೆ.

ಕಟ್ಟೆಯಾಚೆ ಗಜನಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆ. ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಎದೆಮಟ್ಟ ನಿಂತಿತ್ತು. ಬೇಸಿಗೆಯಲ್ಲಿ ಇದೇ ಗದ್ದೆಯಲ್ಲಿ ಉಪ್ಪುನೀರು, ಸಿಗಡಿ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಘಟ್ಟದ ಸಿಹಿನೀರು ಧಾರಾಳವಾಗಿ ಇಳಿದು ಮಣ್ಣಿನ ಉಪ್ಪು ತೊಳೆಯುತ್ತದೆ. ಆಗ ಮೊಳಕೆ ಬಿತ್ತುತ್ತಾರೆ. ನೆರೆ ಬಂದು ಗದ್ದೆ ಮುಳುಗಿದರೂ ಕೆಲವು ದಿನ ತಡೆಯುವ ಗಟ್ಟಿ ಭತ್ತ ಇದು. ಗೊಬ್ಬರ ಹಾಕುವುದಿಲ್ಲ. ತೆನೆಯಷ್ಟನ್ನೇ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಅದು ಕೊಳೆತು ಮುಂದೆ ಬರುವ ಮೀನು ಸಿಗಡಿಗಳಿಗೆ ಮೇವಾಗುತ್ತದೆ.

ಆದರೆ ಕಗ್ಗದ ತಾಕತ್ತಿಗೂ ಮಿತಿಯಿದೆ. ಉಪ್ಪು ಹೆಚ್ಚೂಕಡಿಮೆಯಾದರೆ ತಾಳಿಕೊಂಡೀತು, ದಿನಕ್ಕೆರಡು ಸಲ ಕಡಲಿನ ಭರತ ನುಗ್ಗಿದರೆ ಉಳಿಯದು. ಕಟ್ಟೆ ಬೇಕು, ನೀರು ಬಿಡುವ ಹಲಗೆಬಾಗಿಲು ಬೇಕು, ಅದನ್ನು ಕಾಯುವ ಜನ ಬೇಕು. 2024ರ ಜನವರಿಯಲ್ಲಿ ಈ ಅಳಿವೆಗೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಸಂತೋಷ. ಕಟ್ಟೆಗೆ ಮಣ್ಣು ಹೊರಬೇಕಾದವರು ಮಾತ್ರ ಇಲ್ಲಿನವರೇ.

ಮುಂದೆ ಒಂದು ಕಡೆ ಕಟ್ಟೆ ಒಡೆದಿತ್ತು. ಒಳಗಿನ ಗದ್ದೆ ತೋರಿಸಿ ಅಣ್ಣ ಅಂದರು, "ನಮ್ಮ ಅಪ್ಪ ಇಲ್ಲಿ ಕಗ್ಗ ಬೆಳೀತಿದ್ರು." ಈಗ ಅಲ್ಲಿ ಸೊಂಟದೆತ್ತರ ಕಾಂಡ್ಲಾ ಬಂದಿದೆ.