ಹಗ್ಗ ಹಿಡಿದವರ ಪಾಲು

ನಮ್ಮೂರು ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕಿನದು. ಮಳೆಗಾಲ ಮುಗಿಯುವ ಹೊತ್ತಿಗೆ ಆಲಮಟ್ಟಿ ಹಿನ್ನೀರು ನಮ್ಮ ಹೊಲದ ಬದುವಿನ ತನಕ ಬಂದು ನಿಲ್ಲುತ್ತದೆ. ಹೀಗಾಗಿ ಗಾಳ ಹಾಕೋದು ನನಗೆ ಹೊಸದಲ್ಲ. ಕಣಕದ ಸಣ್ಣ ಉಂಡಿ ಮಾಡಿ ಗಾಳಕ್ಕೆ ಸಿಕ್ಕಿಸೋದು, ಜೋಳದ ದಂಟಿನ ಬೆಂಡು ಕಟ್ಟಿ ನೀರಿಗೆ ಬಿಡೋದು, ಆ ಬೆಂಡು ಮುಳುಗುವ ತನಕ ಕಣ್ಣು ಕೀಳದೆ ಕೂಡೋದು. ಸಣ್ಣವನಿದ್ದಾಗಿನಿಂದ ಬಂದ ರೂಢಿ. ಆದರೆ ಒಮ್ಮೆಯಾದರೂ ಸಮುದ್ರದಲ್ಲಿ ಮೀನು ಹಿಡಿಯಬೇಕು ಅನ್ನೋ ಆಸೆ ಹಾಗೇ ಉಳಿದಿತ್ತು.

ಹೋದ ಜನವರಿಯಲ್ಲಿ, ಹೊಲದಲ್ಲಿ ಇನ್ನೂ ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು, ತಿನ್ನುವ ಹೊತ್ತು, ನಾನು, ಅಣ್ಣ, ವೈನಿ, ಅವರ ಹತ್ತು ವರ್ಷದ ಮಗ ಕಾರವಾರಕ್ಕೆ ಹೊರಟೆವು. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದ ಕೂಡಲೇ ಗಾಳಿ ಬದಲಾಯಿತು. ಮೈಗೆ ಅಂಟುವ ಗಾಳಿ.

ಮರುದಿನ ನಸುಕಿನಲ್ಲೇ ದೋಣಿ ಹತ್ತಿದೆವು. ಕಾಳಿ ನದಿ ಕಡಲು ಸೇರುವ ಜಾಗ ದಾಟಿ ಸ್ವಲ್ಪ ದೂರ ಹೋಗಿ ದೋಣಿ ನಿಲ್ಲಿಸಿದರು. ಕೋಲು ಇಲ್ಲ, ಬೆಂಡೂ ಇಲ್ಲ. ತಂಗೂಸಿ ದಾರದ ತುದಿಗೆ ಸೀಸದ ಗುಂಡು, ಅದರ ಮೇಲೆ ಎರಡು ಗಾಳ, ಗಾಳಕ್ಕೆ ಶೆಟ್ಲಿಯ, ಅಂದರೆ ಸಿಗಡಿಯ, ಚೂರು.

"ಗುಂಡು ನೆಲ ಮುಟ್ಟಿದ ಮೇಲೆ ಒಂದು ಮೊಳ ಮೇಲೆತ್ತಿ. ಆಮೇಲೆ ಬೆರಳಿಗೆ ತಾನೇ ಗೊತ್ತಾಗ್ತದೆ" ಅಂದರು ದೋಣಿಯವರು.

ನನಗೆ ಅದು ದೊಡ್ಡ ಪಾಠ. ನಮ್ಮಲ್ಲಿ ಕೆಲಸವೆಲ್ಲ ಕಣ್ಣಿನದು. ಇಲ್ಲಿ ತೋರುಬೆರಳಿನ ಮೇಲೆ ದಾರ ಇಟ್ಟುಕೊಂಡು ಕಾಯಬೇಕು. ಅಲೆ ಎಳೆದರೆ ಒಂದು ಥರ, ಗುಂಡು ನೆಲಕ್ಕೆ ಉಜ್ಜಿದರೆ ಇನ್ನೊಂದು ಥರ. ಮೀನು ಮುಟ್ಟಿದರೆ ಎರಡು ಸಲ ಟಕ್ ಟಕ್ ಅಂತ ಬಡಿದ ಹಾಗೆ. ಆ ವ್ಯತ್ಯಾಸ ಹಿಡಿಯೋಕೆ ನನಗೆ ಒಂದು ತಾಸು ಬೇಕಾಯಿತು. ಅಂಗೈಯಗಲದ ಎರಡು ಕೆಂಪು ಮೀನು ಸಿಕ್ಕವು. ಅಣ್ಣನಿಗೆ ಮಾತ್ರ ಹೊಟ್ಟೆ ತೊಳೆಸಿ ವಾಂತಿಯಾಯಿತು. ಓಡುವ ದೋಣಿಗಿಂತ ನಿಂತ ದೋಣಿಯೇ ಜಾಸ್ತಿ ತೂಗಾಡುತ್ತದೆ. "ನೀರು ನೋಡಬೇಡಿ, ದೂರದ ಗುಡ್ಡ ನೋಡಿ" ಅಂತ ಅವರು ಅವನ ಬೆನ್ನು ಸವರಿದರು. ಬೇಗ ದಡಕ್ಕೆ ತಿರುಗಿಸಿದರು.

ವಾಪಸ್ ಬರುವಾಗ ಅವರು ಹೇಳಿದ ಒಂದು ಮಾತು ತಲೆಯಲ್ಲಿ ಉಳಿಯಿತು. ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು. ಮೋಡ ಕಟ್ಟಿದರೆ ನಾವು ಬಿತ್ತನೆಗೆ ಓಡುತ್ತೇವೆ, ಇವರು ದೋಣಿಯನ್ನು ದಡಕ್ಕೆ ಎಳೆದಿಡುತ್ತಾರೆ. ಮಳೆ ಒಂದೇ, ಅಲ್ವಾ?

ದಡದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ಅದನ್ನು ನೋಡಿದ ಮೇಲೆ ನಾನು ಗಾಳವನ್ನೇ ಮರೆತೆ. ಬಲೆಯ ಒಂದು ತುದಿಯ ಹಗ್ಗ ದಡದಲ್ಲೇ ಇರುತ್ತದೆ. ದೋಣಿ ಉಳಿದ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಡುತ್ತಾ ಹೋಗಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತದೆ. ಎರಡೂ ಕಡೆ ಜನ ಸಾಲಾಗಿ ನಿಂತು ಎಳೆಯುತ್ತಾರೆ. ಹಿಂದೆ ಒಂದೊಂದು ಬಲೆಗೆ ಊರಿಗೆ ಊರೇ ಬರುತ್ತಿತ್ತಂತೆ. 1970ರ ದಶಕದಲ್ಲಿ ದೊಡ್ಡ ಸುತ್ತುಬಲೆಯ ಪರ್ಸೀನ್ ದೋಣಿಗಳು ಬಂದು ಮೀನಿನ ಹಿಂಡನ್ನು ಆಚೆಯೇ ಸುತ್ತುವರಿದು ಎತ್ತತೊಡಗಿದವು. ರಂಪಣಿ ಕಡಿಮೆಯಾಯಿತು. ನಾನು ಕಂಡ ಬಲೆ ಸಣ್ಣದು, ಎರಡೂ ಕಡೆ ಸೇರಿ ಇಪ್ಪತ್ತೈದು ಜನ ಇದ್ದರೇನೋ.

ಒಬ್ಬ ಅಜ್ಜಿ ನಮ್ಮನ್ನು ನೋಡಿ, "ಸುಮ್ನೆ ಯಾಕೆ ನಿಂತಿದ್ದೀರಿ? ಬನ್ನಿ, ಹಿಡಿಯಿರಿ" ಅಂದರು. ಹಿಡಿದೆವು. ಸುಸ್ತಾಗಿದ್ದ ಅಣ್ಣನೂ ಹಿಡಿದ. ಕೈಯಿಂದ ಎಳೆದರೆ ಆಗೋದಿಲ್ಲ. ಹಗ್ಗಕ್ಕೆ ಮೈಭಾರ ಕೊಟ್ಟು ಹಿಂದೆ ಹಿಂದೆ ನಡೆಯಬೇಕು. ಸಾಲಿನ ಕೊನೆ ಮುಟ್ಟಿದವರು ಹಗ್ಗ ಬಿಟ್ಟು ಮತ್ತೆ ನೀರಿನ ಕಡೆ ಹೋಗಿ ಮುಂದೆ ಹಿಡಿಯಬೇಕು. ಎಲ್ಲರಿಗೂ ನೀರು, ಎಲ್ಲರಿಗೂ ಮರಳು. ಅಂಗೈ ಸುಲಿಯಿತು. ಬಲೆ ಹತ್ತಿರ ಬಂದ ಹಾಗೆ ಗಿಡುಗಗಳು ತಲೆಯ ಮೇಲೆ ಸುತ್ತತೊಡಗಿದವು. ಕೊನೆಗೆ ಮರಳಿನ ಮೇಲೆ ಬೆಳ್ಳಿ ಚೆಲ್ಲಿದ ಹಾಗೆ ಬಂಗುಡೆ, ತಾರ್ಲೆ. ಎಲ್ಲ ಪಟಪಟ ಬಡಿದುಕೊಳ್ಳುತ್ತಿದ್ದವು.

ಬಲೆಯವರ ಪಾಲು, ದೋಣಿಯ ಪಾಲು ಬೇರೆ ಮಾಡಿದರು. ಆಮೇಲೆ ಎಳೆದವರಿಗೆ. ನಾವು ಬುಟ್ಟಿಯಿಂದ ದೂರ ನಿಂತಿದ್ದೆವು. ಆ ಅಜ್ಜಿಯೇ ಕರೆದು ನಾಲ್ಕು ನಾಲ್ಕು ಬಂಗುಡೆ ಕೊಟ್ಟರು. ದುಡ್ಡು ಕೊಡಲು ಹೋದೆ.

"ಹಗ್ಗ ಹಿಡಿದವರಿಗೆ ದುಡ್ಡು ಯಾಕೆ?" ಅಂದರು.

ನನಗೆ ನಮ್ಮ ಕಣ ನೆನಪಾಯಿತು. ರಾಶಿ ಆದ ದಿನ, ಜೋಳ ಮನೆಗೆ ಹೋಗುವ ಮೊದಲು ಬಡಿಗ, ಕಂಬಾರ, ಆಯ ಕೇಳಲು ಬಂದವರೆಲ್ಲರ ಪಾಲನ್ನು ಅಪ್ಪ ಕಣದಲ್ಲೇ ಮೊರದಿಂದ ಅಳೆದು ಕೊಡುತ್ತಿದ್ದ. ಈಗ ಯಂತ್ರ ಬಂದು ರಾಶಿ ಒಂದೆರಡು ತಾಸಿನಲ್ಲಿ ಮುಗಿಯುತ್ತದೆ. ಕಣವೇ ಇಲ್ಲ. ಅಪ್ಪ ಇದ್ದಿದ್ದರೆ ಆ ದಡದಲ್ಲಿ ನಿಲ್ಲಿಸಬೇಕಿತ್ತು ಅನ್ನಿಸಿತು.

ಮಧ್ಯಾಹ್ನ, ಉಳಿದುಕೊಂಡಿದ್ದ ಮನೆಯ ಅಕ್ಕ ಎಲ್ಲ ಮೀನು ಒಟ್ಟಿಗೆ ತೊಳೆಯಲು ತೆಗೆದುಕೊಂಡರು. ಅಣ್ಣನ ಮಗ ಓಡಿ ಬಂದು ತನ್ನ ನಾಲ್ಕನ್ನು ಆರಿಸಿ ತೆಗೆದ.

"ಅಕ್ಕಾರ, ಇವನ್ನ ಬ್ಯಾರೆ ಹುರೀರಿ. ಇದು ನನ್ನ ಪಾಲು."