ಡ್ಯಾಂಪರ್ ಫೈಲಿನಲ್ಲಿ ಇರದಿದ್ದ ಒಂದು ಸಾಲು

ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿರುವ ಒಂದು ಎಂಜಿನಿಯರಿಂಗ್ ಸರ್ವೀಸ್ ಕಂಪನಿಯಲ್ಲಿ ನಾನು ಸಸ್ಪೆನ್ಷನ್ ಸಿಮ್ಯುಲೇಶನ್ ಮಾಡುತ್ತೇನೆ. ಕಾರು ಯುರೋಪಿನದು. ಅದರ ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್, ಮಾಡುವವರು ಇನ್ನೊಂದು ದೇಶದವರು. ಎರಡನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ಓಡಿಸಿ ನೋಡುವವರು ನಾವು. ಎರಡು ವರ್ಷ ದುಡಿದ ಆ ಸೂಪರ್‌ಕಾರನ್ನು ನಾನು ಇವತ್ತಿಗೂ ಕಣ್ಣಾರೆ ನೋಡಿಲ್ಲ.

ಊರಿಗೆ ಹೋದಾಗ ಅಣ್ಣ ಕೇಳುತ್ತಾನೆ, "ಅಷ್ಟು ದೊಡ್ಡ ಕಂಪನಿ, ತನ್ನ ಕಾರನ್ನು ತಾನೇ ಮಾಡಲ್ವಾ?" ಸಸ್ಪೆನ್ಷನ್ ವಿಷಯದಲ್ಲಿ ಹೊರಗಿನವರ ಕೈ ಬಹಳ ಹಿಂದಿನಿಂದಲೂ ಇದೆ. 2006ರ ಫೆರಾರಿ 599ರಲ್ಲಿ ಡ್ಯಾಂಪರ್ ಎಣ್ಣೆಯೊಳಗೆ ಕಬ್ಬಿಣದ ಸಣ್ಣ ಕಣಗಳಿದ್ದವು. ಕರೆಂಟ್ ಹರಿಸಿದರೆ ಎಣ್ಣೆ ಕ್ಷಣದಲ್ಲಿ ಗಟ್ಟಿಯಾಗುತ್ತಿತ್ತು. ಆ ತಂತ್ರ ಬಂದಿದ್ದು ಅಮೆರಿಕದ ಡೆಲ್ಫಿಯಿಂದ. 2011ರ ಮೆಕ್ಲಾರೆನ್ ಎಂಪಿ4-12ಸಿ ಕಾರಿನಲ್ಲಿ ಆ್ಯಂಟಿ-ರೋಲ್ ಬಾರೇ (ಕಾರು ವಾಲದಂತೆ ಎಡ-ಬಲ ಚಕ್ರಗಳನ್ನು ಜೋಡಿಸುವ ಸರಳು) ಇರಲಿಲ್ಲ. ನಾಲ್ಕೂ ಚಕ್ರಗಳ ಡ್ಯಾಂಪರ್‌ಗಳನ್ನು ಎಣ್ಣೆಯ ಪೈಪುಗಳಿಂದ ಜೋಡಿಸಿ, ತಿರುವಿನಲ್ಲಿ ಕಾರು ವಾಲದಂತೆ ಮಾಡಿದ್ದರು. ಅದರ ಮೂಲ ಆಸ್ಟ್ರೇಲಿಯಾದ ಕೈನೆಟಿಕ್ ಎಂಬ ಸಣ್ಣ ಕಂಪನಿ, ಅದನ್ನು ಅಮೆರಿಕದ ಬಿಡಿಭಾಗಗಳ ಕಂಪನಿ ಟೆನೆಕೊ ಅದಕ್ಕೂ ಮೊದಲೇ ಕೊಂಡುಕೊಂಡಿತ್ತು. 2022ರಲ್ಲಿ ಬಂದ ಫೆರಾರಿ ಪುರೊಸಾಂಗ್ವೆಯಲ್ಲಿ 48 ವೋಲ್ಟಿನ ಮೋಟಾರುಗಳು ಡ್ಯಾಂಪರನ್ನೇ ಮೇಲೆ ಕೆಳಗೆ ತಳ್ಳುತ್ತವೆ. ಅದು ಕೆನಡಾದ ಮಲ್ಟಿಮ್ಯಾಟಿಕ್ ಜೊತೆ ಮಾಡಿದ್ದು.

ಮಲ್ಟಿಮ್ಯಾಟಿಕ್‌ನವರ ಸ್ಪೂಲ್ ವಾಲ್ವ್ ಬಗ್ಗೆ ಎರಡು ಮಾತು ಹೇಳಲೇಬೇಕು. ನನಗೆ ತುಂಬಾ ಇಷ್ಟವಾದ ಕೆಲಸ ಅದು. ಸಾಮಾನ್ಯ ಡ್ಯಾಂಪರ್ ಒಳಗೆ ತೆಳು ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ, ಶಿಮ್ ಅಂತೀವಿ. ಎಣ್ಣೆ ನುಗ್ಗಿದಾಗ ಅವು ಬಗ್ಗಿ ದಾರಿ ಬಿಡುತ್ತವೆ. ಎಷ್ಟು ಬಗ್ಗುತ್ತವೆ ಎಂದು ಕಾಗದದ ಮೇಲೆ ಕರಾರುವಾಕ್ಕಾಗಿ ಹೇಳುವುದು ಕಷ್ಟ. ಜೋಡಿಸಿ, ಪರೀಕ್ಷಿಸಿ, ಬಿಚ್ಚಿ, ಮತ್ತೆ ಜೋಡಿಸಬೇಕು. ಸ್ಪೂಲ್ ವಾಲ್ವಿನಲ್ಲಿ ಒಂದು ಪುಟ್ಟ ಕೊಳವೆ ಜಾರುತ್ತದೆ, ಅದರ ಗೋಡೆಯಲ್ಲಿ ಕೊರೆದ ಕಿಂಡಿಯ ಆಕಾರವೇ ಎಣ್ಣೆ ಎಷ್ಟು ಹರಿಯಬೇಕು ಎಂದು ತೀರ್ಮಾನಿಸುತ್ತದೆ. ಕಿಂಡಿಯ ಆಕಾರ ಗೊತ್ತಿದ್ದರೆ ಬಲವೂ ಗೊತ್ತಾಗುತ್ತದೆ. ಹಾಗಾಗಿ ಸಾವಿರಾರು ಮೈಲಿ ದೂರ ಕೂತವರೂ ಅದನ್ನು ಲೆಕ್ಕ ಹಾಕಬಹುದು. ನಮ್ಮಂಥವರ ಕೆಲಸಕ್ಕೆ ಇಂಥ ಭಾಗಗಳೇ ಜೀವ.

ಆದರೆ ನನಗೆ ಕೈ ಕೊಟ್ಟಿದ್ದು ವಾಲ್ವ್ ಅಲ್ಲ, ಅದರ ಹಿಂದಿದ್ದ ಗ್ಯಾಸ್.

ಕ್ಲೈಂಟ್ ಹೆಸರನ್ನೂ ಅಸಲಿ ಅಂಕಿಗಳನ್ನೂ ಹೇಳುವಂತಿಲ್ಲ. ಲೆಕ್ಕ ಅರ್ಥವಾಗಲಿ ಎಂದು ಹತ್ತಿರದ ಅಂಕಿಗಳನ್ನು ಇಡುತ್ತೇನೆ. ಡ್ಯಾಂಪರ್ ಕಂಪನಿಯಿಂದ ಒಂದು ಫೈಲ್ ಬಂತು. ಒಂದು ಕಾಲಮ್ಮಿನಲ್ಲಿ ವೇಗ, ಇನ್ನೊಂದರಲ್ಲಿ ಬಲ. ನಾನು ಅದನ್ನು ಮಾಡೆಲ್‌ಗೆ ಹಾಕಿದೆ. ಆರು ವಾರ ರನ್ ಮೇಲೆ ರನ್ ಮಾಡಿ ರಿಪೋರ್ಟ್ ಕಳಿಸಿದೆವು. ಅಷ್ಟರಲ್ಲಿ ಅಲ್ಲಿ ಕಾರು ಟ್ರ್ಯಾಕಿಗೆ ಇಳಿಯಿತು. ಮೇಲ್ ಬಂತು: ಮುಂಭಾಗ ನಿಮ್ಮ ಮಾಡೆಲ್‌ಗಿಂತ 3 ಮಿಲಿಮೀಟರ್ ಎತ್ತರ ನಿಲ್ಲುತ್ತಿದೆ.

ನಾವು ಓಡಿಸುವ ಸಾಮಾನ್ಯ ಕಾರಿಗೆ 3 ಮಿಲಿಮೀಟರ್ ಏನೂ ಅಲ್ಲ. ಸೂಪರ್‌ಕಾರಿಗೆ ಹಾಗಲ್ಲ. ಕಾರಿನ ತಳಕ್ಕೂ ರಸ್ತೆಗೂ ನಡುವೆ ನುಗ್ಗುವ ಗಾಳಿಯೇ ಅದನ್ನು ನೆಲಕ್ಕೆ ಎಳೆದು ಹಿಡಿಯುತ್ತದೆ. ಮೂತಿ ಸ್ವಲ್ಪ ಎದ್ದರೂ ವೇಗದ ತಿರುವಿನಲ್ಲಿ ಮುಂದಿನ ಟೈರಿನ ಹಿಡಿತ ಕಡಿಮೆಯಾಗುತ್ತದೆ.

ಸುಲಭದ ದಾರಿ ಒಂದಿತ್ತು. ಮಾಡೆಲ್‌ನಲ್ಲಿ ಸ್ಪ್ರಿಂಗ್ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟ ಬಲ, ಸ್ವಲ್ಪ ಹೆಚ್ಚಿಸಿದರೆ ಎತ್ತರ ಸರಿಹೋಗುತ್ತದೆ. ಗಡುವು ಹತ್ತಿರವಿತ್ತು, ಟೀಮಿನಲ್ಲಿ ಎಲ್ಲರೂ ಅದನ್ನೇ ಹೇಳಿದರು, ನಾನೂ ಒಪ್ಪಿದೆ. ಹಾಕಿ ನೋಡಿದರೆ ನಿಂತ ಕಾರಿಗೆ ಲೆಕ್ಕ ಪಕ್ಕಾ ಕೂತಿತು. ಆದರೆ ಟ್ರ್ಯಾಕಿನ ಡೇಟಾ ತೆಗೆದು ನೋಡಿದಾಗ, ಐದಾರು ಲ್ಯಾಪ್ ಆದ ಮೇಲೆ ಕಾರು ಇನ್ನೂ ಸುಮಾರು 1 ಮಿಲಿಮೀಟರ್ ಮೇಲೆದ್ದಿತ್ತು. ಸ್ಪ್ರಿಂಗ್ ಹಾಗೆ ಮಾಡಲ್ಲ. ಬಿಸಿಯಾದರೆ ತಳ್ಳುವ ಶಕ್ತಿ ಹೆಚ್ಚಾಗುವ ವಸ್ತು ಅಲ್ಲಿ ಇನ್ನೇನಿದೆ? ಆ ರಾತ್ರಿ ಮನೆಗೆ ಬಂದ ಮೇಲೂ ತಲೆಯಲ್ಲಿ ಇದೊಂದೇ ಪ್ರಶ್ನೆ.

ಅಲ್ಲಿಯವರೆಗೆ ನಮ್ಮ ಪ್ರಶ್ನೆಗಳೆಲ್ಲ ನಮ್ಮ ಮ್ಯಾನೇಜರ್, ಕ್ಲೈಂಟ್ ಮ್ಯಾನೇಜರ್, ಡ್ಯಾಂಪರ್ ಕಂಪನಿಯ ಮ್ಯಾನೇಜರ್ ಹೀಗೆ ಸುತ್ತಿ ಹೋಗುತ್ತಿದ್ದವು. ಉತ್ತರ ಬರಲು ಒಂದು ವಾರ. ನಾನು ಮ್ಯಾನೇಜರ್ ಹತ್ತಿರ ಹೋಗಿ, "ಸರ್, ಡ್ಯಾಂಪರನ್ನು ಟೆಸ್ಟ್ ಬೆಂಚಿಗೆ ಕಟ್ಟಿದವರ ಜೊತೆ ಹತ್ತೇ ನಿಮಿಷ ಮಾತಾಡಬೇಕು" ಎಂದೆ. ಅವರು ಮೂರು ದಿನ ಓಡಾಡಿ ಕಾಲ್ ಹಾಕಿಸಿಕೊಟ್ಟರು. ನಮಗೆ ಸಂಜೆ ನಾಲ್ಕೂವರೆ, ಅಲ್ಲಿ ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಟೆಕ್ನಿಷಿಯನ್ ವಯಸ್ಸಾದವರು, ಇಂಗ್ಲಿಷ್ ನಿಧಾನ. ನಾನು ಪ್ರಶ್ನೆ ಮುಗಿಸುವ ಮೊದಲೇ ಅವರು ಹೇಳಿದರು: ಗ್ಯಾಸ್ ಬಲವನ್ನು ಕಳೆದು ಕೊಟ್ಟಿದ್ದೇವೆ, ಯಾವಾಗಲೂ ಕಳೆದೇ ಕೊಡುತ್ತೇವೆ.

ಡ್ಯಾಂಪರ್ ಒಳಗೆ ಎಣ್ಣೆಯಲ್ಲಿ ನೊರೆ ಬರದಂತೆ ಒತ್ತಡದ ನೈಟ್ರೋಜನ್ ತುಂಬಿರುತ್ತಾರೆ. ಆ ಒತ್ತಡ ರಾಡನ್ನು ಸದಾ ಹೊರಗೆ ತಳ್ಳುತ್ತಿರುತ್ತದೆ. 14 ಮಿಲಿಮೀಟರ್ ರಾಡ್ ಅಂದರೆ 154 ಚದರ ಮಿಲಿಮೀಟರ್ ಜಾಗ. 15 ಬಾರ್ ಒತ್ತಡಕ್ಕೆ 231 ನ್ಯೂಟನ್ ಬಲ. ಚಕ್ರ 10 ಮಿಲಿಮೀಟರ್ ಎದ್ದರೆ ಡ್ಯಾಂಪರ್ 8 ಮಿಲಿಮೀಟರ್ ಕುಗ್ಗುತ್ತದೆ ಅಂದುಕೊಳ್ಳಿ, ಆಗ ಚಕ್ರದ ಮೇಲೆ 185 ನ್ಯೂಟನ್. ಚಕ್ರವನ್ನು 1 ಮಿಲಿಮೀಟರ್ ಎತ್ತಲು 60 ನ್ಯೂಟನ್ ಬೇಕಾದರೆ, ಕಾರು ಮೇಲೇಳುವುದು 3 ಮಿಲಿಮೀಟರ್! ಎಣ್ಣೆ 20 ಡಿಗ್ರಿಯಿಂದ 100 ಡಿಗ್ರಿಗೆ ಹೋದರೆ ಗ್ಯಾಸಿನ ಬಲ ಇನ್ನೂ 60 ನ್ಯೂಟನ್‌ಗಿಂತ ಜಾಸ್ತಿಯಾಗುತ್ತದೆ. ನಾಲ್ಕನೇ ಮಿಲಿಮೀಟರ್ ಬಂದಿದ್ದು ಅಲ್ಲಿಂದ. ಕಾಲ್ ಮುಗಿಯುವ ಮೊದಲೇ ನೋಟ್‌ಬುಕ್ಕಿನಲ್ಲಿ ಲೆಕ್ಕ ಕೂತಿತ್ತು.

ಅವರ ಬೆಂಚಿನಲ್ಲಿ ಗ್ಯಾಸ್ ಬಲ ಕಳೆಯುವುದು ದಿನನಿತ್ಯದ ಅಭ್ಯಾಸ, ವಾಲ್ವ್ ಹೋಲಿಸಲು ಅದೇ ಸರಿಯಾದ ಕ್ರಮ. ನಮ್ಮ ಮಾಡೆಲ್‌ಗೆ ಅದು ಪ್ರತ್ಯೇಕವಾಗಿ ಬೇಕಿತ್ತು. ಅಂಕಿಯಲ್ಲಿ ಒಂದು ತಪ್ಪೂ ಇರಲಿಲ್ಲ. ಕೇಳಬೇಕಿದ್ದವನು ನಾನು, ಆರು ವಾರ ಕೇಳಲಿಲ್ಲ. ಕಾರು ಬಿಸಿಯಾದಾಗ ಏಳದೇ ಹೋಗಿದ್ದರೆ ಆ ಪ್ರಿಲೋಡ್ ಇವತ್ತಿಗೂ ಮಾಡೆಲ್‌ನಲ್ಲೇ ಕೂತಿರುತ್ತಿತ್ತು, ಮುಂದಿನ ಕಾರಿಗೂ ಹೋಗುತ್ತಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. 250 ಕಿಲೋಮೀಟರ್ ವೇಗದಲ್ಲಿ ನಮ್ಮ ಲೆಕ್ಕವನ್ನು ನಂಬಿ ತಿರುವಿಗೆ ಹೋಗುವವರು ಟೆಸ್ಟ್ ಡ್ರೈವರ್.

ಮಾರನೇ ದಿನ ರಿಪೋರ್ಟ್ ವಾಪಸ್ ತೆಗೆದುಕೊಂಡು, ಪ್ರಿಲೋಡ್ ಸೇರಿಸಿದ್ದನ್ನೂ ಬಿಡದೆ ಬರೆದು ಕಳಿಸಿದೆ. ಈಗ ನಮ್ಮ ಟೀಮಿನ ಪ್ರತಿ ಡ್ಯಾಂಪರ್ ಫೈಲಿನ ತಲೆಯಲ್ಲಿ ನಾಲ್ಕು ಸಾಲು ಇರುತ್ತವೆ: ಗ್ಯಾಸ್ ಒತ್ತಡ, ಟೆಸ್ಟ್ ಮಾಡಿದಾಗಿನ ಬಿಸಿ, ಗ್ಯಾಸ್ ಬಲ ಸೇರಿದೆಯೋ ಇಲ್ಲವೋ, ಬೆಂಚಿನಲ್ಲಿ ಕೂತಿದ್ದವರ ಹೆಸರು. ನಾಲ್ಕೂ ತುಂಬದಿದ್ದರೆ ರನ್ ಶುರು ಮಾಡಲ್ಲ.

ಆ ಟೆಕ್ನಿಷಿಯನ್ ನಿವೃತ್ತರಾಗುವ ಮುಂಚೆ ಕೊನೆಯದಾಗಿ ಕಳಿಸಿದ ಫೈಲಿನಲ್ಲಿ ನಾವು ಕೇಳದ ಐದನೇ ಸಾಲೊಂದನ್ನು ಸೇರಿಸಿದ್ದರು: ಸೀಲ್ ಹೊಸದು, ಘರ್ಷಣೆ ಸ್ವಲ್ಪ ಜಾಸ್ತಿ ತೋರಿಸಬಹುದು, 500 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಅಳೆಯಿರಿ.