ನಾಳೆಯ ಶೂಟಿಂಗಿಗೆ ಎಷ್ಟು ಬೇಕು?

ನಮ್ಮ ಸಿನಿಮಾಕ್ಕೆ ಇನ್ನೂರು ರೂಪಾಯಿ ಕೊಟ್ಟಿದ್ದ ಒಬ್ಬ ಅಕ್ಕ, ಮಳೆ ಬಂದು ಶೂಟಿಂಗ್ ನಿಂತುಹೋದ ಸಂಜೆ ನಾವಿದ್ದ ಮನೆಗೇ ಬಂದರು. ಜಗಲಿ ಮೇಲೆ ಕೂತು, "ನಾಳೆಗೆ ಎಷ್ಟು ಬೇಕು ತಂಗೀ? ಕೈಲಿ ಎಷ್ಟಿದೆ? ಓದಿ ಹೇಳು" ಅಂದರು. ಅವರು ಅಳಿವೆಯಲ್ಲಿ, ಅಂದರೆ ಹೊಳೆ ಸಮುದ್ರ ಸೇರುವ ಜಾಗದಲ್ಲಿ, ಬಳಚು ಅನ್ನುವ ಚಿಪ್ಪುಮೀನು ಹೆಕ್ಕಿ ಮಾರುವವರು. ಇನ್ನೂರು ರೂಪಾಯಿ ಅವರಿಗೆ ಸಣ್ಣ ದುಡ್ಡಲ್ಲ, ಕೇಳುವ ಹಕ್ಕು ಪೂರ್ತಿ ಇತ್ತು. ಜನರಿಂದ ದುಡ್ಡು ಕೂಡಿಸಿ ಸಿನಿಮಾ ಮಾಡುವುದು ಹೇಗೆ ಅಂತ ನನ್ನನ್ನು ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಅವರಿಗೆಲ್ಲ ನಾನು ಹೇಳುವುದು ಆ ಸಂಜೆ ಮತ್ತು ಅದರ ಮರುದಿನದ ಕತೆಯನ್ನೇ.

ಮೊದಲು ಜಾಗದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಆ ಒಂದು ದಿನ ಯಾಕೆ ಅಷ್ಟು ಮುಖ್ಯ ಅಂತ ಗೊತ್ತಾಗುವುದಿಲ್ಲ. ಅಘನಾಶಿನಿ ಶಿರಸಿ ಕಡೆ ಹುಟ್ಟಿ, ಘಟ್ಟ ಇಳಿದು, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ. ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. 2024ರಲ್ಲಿ ಇದರ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಅಳಿವೆಯ ದಡಗಳಲ್ಲಿ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಸಿಹಿನೀರು ಬಂದು ಉಪ್ಪು ಇಳಿದಾಗ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ತಳಿ ಅದು. ಕೊಯ್ಲಾದ ಮೇಲೆ ಕಟ್ಟೆಯ ಹಲಗೆ ಬಾಗಿಲು ತೆಗೆದು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ಶೆಟ್ಲಿಗೆ (ಸಿಗಡಿಗೆ), ಮೀನಿಗೆ ಮೇವು. ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಒಂದೇ ನೆಲದಲ್ಲಿ ಮಳೆಗಾಲಕ್ಕೆ ಅಕ್ಕಿ, ಆಮೇಲೆ ಮೀನು. ಕಗ್ಗ ಬೆಳೆಯುವವರು ಮೊದಲಿಗಿಂತ ತುಂಬಾ ಕಡಿಮೆ ಆಗಿದ್ದಾರೆ. ನಮ್ಮ ಕತೆ ಆ ಬಾಗಿಲು ಕಾಯುವ ಒಬ್ಬ ಮುದುಕನದ್ದು, ಮತ್ತೆ ಊರು ಬಿಟ್ಟು ಹೋದ ಅವನ ಮಗಳದ್ದು.

ಈ ಕತೆ ಹಿಡಿದು ಬೆಂಗಳೂರಿನಲ್ಲಿ ನಿರ್ಮಾಪಕರ ಹತ್ತಿರ ಹೋಗಿದ್ದೆವು. ಒಳ್ಳೆಯವರೇ, ಕೂತು ಕೇಳಿದರು, ಚಹಾ ಕೊಟ್ಟರು. ಮಗಳಿಗೊಂದು ಲವ್ ಸ್ಟೋರಿ ಇರಲಿ, ಕೊನೆಗೆ ಕಟ್ಟೆ ಒಡೆಯಲಿ ಅಂದರು. ಅದು ಅವರ ಲೆಕ್ಕ, ಹಾಕಿದ ದುಡ್ಡು ವಾಪಸ್ ಬರಬೇಕಲ್ವಾ. ಆದರೆ ಅಷ್ಟು ಬದಲಾಯಿಸಿದ ಮೇಲೆ ನಾವು ಅಘನಾಶಿನಿಗೆ ಬರುವ ಅಗತ್ಯವೇ ಇರುತ್ತಿರಲಿಲ್ಲ.

ಹಾಗಾಗಿ ಜನರನ್ನೇ ಕೇಳಿದೆವು. ಕನ್ನಡಕ್ಕೆ ಈ ದಾರಿ ಹೊಸದೇನಲ್ಲ. 2013ರಲ್ಲಿ ಬಂದ ಪವನ್ ಕುಮಾರ್ ಅವರ 'ಲೂಸಿಯಾ'ಗೆ 110 ಜನ ಸೇರಿ ಸುಮಾರು 50 ಲಕ್ಷ ಹಾಕಿದ್ದರು. ಇನ್ನೂ ಹಿಂದೆ, 1976ರಲ್ಲಿ, ಶ್ಯಾಮ್ ಬೆನಗಲ್ ಅವರ ಹಿಂದಿ ಸಿನಿಮಾ 'ಮಂಥನ್'ಗೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲೆಗೆ 2 ರೂಪಾಯಿ ಕೊಟ್ಟಿದ್ದರು. ಆಮೇಲೆ ತಮ್ಮದೇ ಸಿನಿಮಾ ಅಂತ ಹಳ್ಳಿಗಳಿಂದ ಲಾರಿಗಳಲ್ಲಿ ಬಂದು ನೋಡಿದರು. ಅದರ ಹೊಸ ಪ್ರತಿಯನ್ನು 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದಾಗ ನಾವು ಚಿತ್ರಕತೆ ಬರೆಯುತ್ತಿದ್ದೆವು. ಆ ಸುದ್ದಿ ಓದಿ ನನಗೆ ಬಂದ ಧೈರ್ಯ ಇನ್ಯಾವುದರಿಂದಲೂ ಬಂದಿಲ್ಲ.

ದುಡ್ಡು ಎತ್ತುವ ಕೆಲಸ ಹೊರಗಿನಿಂದ ಕಂಡಷ್ಟು ಸುಲಭ ಇಲ್ಲ. ಲಾಭದಲ್ಲಿ ಪಾಲು ಕೊಡ್ತೇವೆ ಅಂತ ಹೇಳಿ ಸಾರ್ವಜನಿಕರಿಂದ ಹಣ ತೆಗೆದುಕೊಂಡರೆ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುತ್ತೀರಿ. ಷೇರು ಮಾರುಕಟ್ಟೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸೆಬಿ 2014ರಲ್ಲಿ ಈ ಬಗ್ಗೆ ಒಂದು ಚರ್ಚಾ ಪತ್ರ ಹೊರಡಿಸಿತ್ತು ಅಷ್ಟೆ. ಹಾಗಾಗಿ ನಾವು ಮಾತು ಕೊಟ್ಟಿದ್ದು ಮೂರಕ್ಕೆ ಮಾತ್ರ: ಪರದೆ ಮೇಲೆ ಹೆಸರು, ಸಿನಿಮಾ ನೋಡುವ ಅವಕಾಶ, ಮತ್ತೆ ಖರ್ಚಿನ ಲೆಕ್ಕ. ಆನ್‌ಲೈನ್‌ನಲ್ಲಿ ಎತ್ತಿದ ಹಣದಲ್ಲಿ ಆ ವೇದಿಕೆಯವರ ಕಮಿಷನ್ ಹೋಗುತ್ತದೆ, ಪಾವತಿ ಶುಲ್ಕ ಹೋಗುತ್ತದೆ, ಅದರ ಮೇಲೆ 18% ಜಿಎಸ್‌ಟಿ. ಇದನ್ನು ಮೊದಲೇ ಸೇರಿಸಿಕೊಂಡು ಗುರಿ ಇಡಬೇಕು. ಬೆಂಗಳೂರು, ಮುಂಬೈ, ದುಬೈಯಲ್ಲಿರುವ ನಮ್ಮ ಕರಾವಳಿಯವರು ಹಾಗೆ ಕೊಟ್ಟರು. ಊರಿನವರು ಮಾತ್ರ ಕೈಯಲ್ಲೇ ಕೊಟ್ಟರು, ನೂರು, ಇನ್ನೂರು, ಐನೂರು. ಅದಕ್ಕೊಂದು ರಸೀದಿ ಪುಸ್ತಕ, ಒಂದು ಉದ್ದದ ನೋಟ್‌ಬುಕ್. ಬರೆದಿಟ್ಟವರು ನಿವೃತ್ತ ಶಾಲಾ ಶಿಕ್ಷಕಿ, ಊರಿಗೆಲ್ಲ ಅಕ್ಕೋರು. ಬಂಡಿಹಬ್ಬಕ್ಕೆ ವಂತಿಗೆ ಎತ್ತಿ, ಹಬ್ಬ ಮುಗಿದ ಮೇಲೆ ಎಲ್ಲರ ಎದುರಿಗೆ ಲೆಕ್ಕ ಓದಿ ಅಭ್ಯಾಸ ಇರುವ ಊರು ಅದು. ಸಿನಿಮಾದ ದುಡ್ಡನ್ನೂ ಅವರು ಹಾಗೇ ನೋಡಿದರು.

ಇನ್ನು ಆ ದಿನ. ನವೆಂಬರ್, ಹುಣ್ಣಿಮೆಯ ಮರುದಿನ. ಬಾಗಿಲು ತೆಗೆದು ಬಲೆಗೆ ನೀರು ನುಗ್ಗುವ ದೃಶ್ಯ ಬಾಕಿ ಇತ್ತು, ಸಿನಿಮಾ ನಿಂತಿರುವುದೇ ಅದರ ಮೇಲೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ಎರಡೂ ಜೋರು. ನೀರು ಒಳಗೆ ತುಂಬಿ, ಸಂಜೆಯ ಹೊತ್ತಿಗೆ ಸೆಳೆತದಿಂದ ಹೊರಗೆ ಹರಿಯುತ್ತದೆ. ಗಜನಿಯಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಹಿಡಿದವರು ತಮ್ಮ ಕೆಲಸದ ಜೊತೆಗೇ ನಮಗೆ ಜಾಗ ಕೊಟ್ಟಿದ್ದರು. ಅವರದ್ದು ನಿಜವಾದ ಮೀನು, ನಿಜವಾದ ದುಡ್ಡು. ನಮಗಾಗಿ ಬಾಗಿಲು ಮುಚ್ಚಿ ತೆಗೆದು ಮಾಡುವ ಹಾಗಿರಲಿಲ್ಲ, ಮಾಡಿಸಬಾರದು ಕೂಡ. ಮಧ್ಯಾಹ್ನ ಮೂರಕ್ಕೆ ಕ್ಯಾಮೆರಾ ಇಟ್ಟೆವು. ಮೂರೂವರೆಗೆ ಸಮುದ್ರದ ಕಡೆಯಿಂದ ಮೋಡ ಎದ್ದಿತು. ನಾಲ್ಕಕ್ಕೆ ಸುರಿಯಿತು. ಅಕಾಲದ ಮಳೆ, ಒಂದು ಗಂಟೆ ಬಿಡಲಿಲ್ಲ. ಬಲೆಯವರು ಮಳೆಯಲ್ಲೇ ಹಿಡಿದು ಮುಗಿಸಿದರು. ಲೆನ್ಸ್ ಒಳಗೆ ಹಬೆ ಕಟ್ಟಿತ್ತು, ನಮಗೆ ಒಂದು ಶಾಟ್ ಕೂಡ ಸಿಗಲಿಲ್ಲ.

ಉಬ್ಬರ ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ನಾಳೆ ಆದರೆ ಸೂರ್ಯ ಮುಳುಗುವ ಸ್ವಲ್ಪ ಮೊದಲು ನೀರಿನ ಸೆಳೆತ ಸಿಗುತ್ತದೆ. ನಾಡಿದ್ದು ಕತ್ತಲು. ಅಂದರೆ ಇದ್ದದ್ದು ನಾಳೆ ಒಂದೇ ದಿನ, ಮತ್ತೆ ಕ್ಯಾಮೆರಾ ನಾಳೆ ರಾತ್ರಿಯೇ ಬೆಂಗಳೂರಿಗೆ ವಾಪಸ್ ಹೋಗಬೇಕಿತ್ತು.

ಹಣ ಇರಲಿಲ್ಲ ಅಂತಲ್ಲ. ಬ್ಯಾಂಕಿನಲ್ಲಿ ಧ್ವನಿ ಮಿಶ್ರಣಕ್ಕೆ ಅಂತ ತೆಗೆದಿಟ್ಟ ದುಡ್ಡು ಹಾಗೇ ಇತ್ತು. ಈಗ ಅದರಲ್ಲಿ ತೆಗೆಯೋಣ, ಆಮೇಲೆ ನೋಡಿಕೊಳ್ಳೋಣ ಅಂತ ತಂಡದಲ್ಲಿ ಒಬ್ಬಿಬ್ಬರು ಹೇಳಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸಣ್ಣ ಸಿನಿಮಾದ ಬಡತನ ಚಿತ್ರದಲ್ಲಿ ಅಷ್ಟು ಕಾಣುವುದಿಲ್ಲ, ಶಬ್ದದಲ್ಲಿ ಕೇಳಿಸಿಬಿಡುತ್ತದೆ. ಮಾತು ಸರಿಯಾಗಿ ಕೇಳದಿದ್ದರೆ ಜನ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ, ಎಷ್ಟು ಚೆಂದದ ಫ್ರೇಮ್ ಇದ್ದರೂ. ಅಲ್ಲದೆ ಆ ಹಣ ಯಾವುದಕ್ಕೆ ಅಂತ ಕೊಟ್ಟವರಿಗೆಲ್ಲ ಬರೆದು ತಿಳಿಸಿದ್ದೆವು.

ಈ ವಾದ ನಡೆಯುತ್ತಿರುವಾಗಲೇ ಬಳಚಿನ ಅಕ್ಕ ಬಂದಿದ್ದು. ಅವರ ಹಿಂದೆ ಅಕ್ಕೋರು, ಅವರ ಹಿಂದೆ ಮತ್ತೆ ಎಂಟು ಹತ್ತು ಜನ. ಜಗಲಿ ತುಂಬಿತು. ನಾನು ಓದಿದೆ. ಕ್ಯಾಮೆರಾ, ಲೆನ್ಸ್ ಬಾಡಿಗೆ 14,000. ಕುಮಟಾದ ಲಾಡ್ಜ್ 5,000. ಊಟ 5,000. ಜನರೇಟರ್ 3,500. ಟೆಂಪೋ 2,500. ದೋಣಿ ಎರಡು, 2,000. ಒಟ್ಟು 32,000. ಕೈಯಲ್ಲಿ ಮುಟ್ಟಬಹುದಾದದ್ದು 11,000. ತಂಡದವರದ್ದು ದಿನದ ಸಂಬಳ ಅಲ್ಲ, ಕೊನೆಗೆ ಒಟ್ಟಿಗೆ ಕೊಡುವ ಮಾತು, ಅದು ಈ ಲೆಕ್ಕದಲ್ಲಿ ಇರಲಿಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು.

"ಬಿಸಿಲಲ್ಲೇ ತೆಗೆಯೋದು ಅಂತಾದ್ರೆ ಜನರೇಟರ್ ಎಂತಕ್ಕೆ?"

ಬ್ಯಾಟರಿ ಚಾರ್ಜ್ ಮಾಡಲಿಕ್ಕೆ ಅಂದೆ. "ನಮ್ಮನೆ ಕರೆಂಟಿಗೆ ಹಾಕಿ" ಅಂದರು ಕಟ್ಟೆಯ ಪಕ್ಕದ ಮನೆಯವರು.

"ಕುಮಟಾಕ್ಕೆ ಹೋಗಿ ಮಲಗಿ ಬರೋದು ಯಾಕೆ? ಇಲ್ಲೇ ಮಲಗಿ. ಹುಡುಗ್ರು ಶಾಲೆ ಜಗಲಿಯಲ್ಲಿ, ಹೆಣ್ಮಕ್ಕಳು ನಮ್ಮನೇಲಿ."

ಊಟವನ್ನು ನಾಲ್ಕು ಮನೆಯವರು ಹಂಚಿಕೊಂಡರು. ಹದಿನಾಲ್ಕು ಜನರಿಗೆ ಎರಡು ಹೊತ್ತು. ದೋಣಿಯವರಿಬ್ಬರೂ ಅಲ್ಲೇ ಇದ್ದರು, ನಾಳೆಯ ಬಾಡಿಗೆ ಬೇಡ ಅಂದರು. ಉಳಿದದ್ದು ಕ್ಯಾಮೆರಾ. ನಮ್ಮ ಕ್ಯಾಮೆರಾ ಗೆಳೆಯ ಅಲ್ಲಿಂದಲೇ ಬೆಂಗಳೂರಿನ ಬಾಡಿಗೆ ಅಂಗಡಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಸಂಜೆ ಆರಕ್ಕೆ ಮುಗಿಸಿ ರಾತ್ರಿ ಬಸ್ಸಿಗೆ ಸಾಮಾನು ಹಾಕುತ್ತೇವೆ, ಬೆಳಿಗ್ಗೆ ನಿಮ್ಮ ಕೈಯಲ್ಲಿರುತ್ತದೆ ಅಂದ. ಅವರು ಅರ್ಧ ದಿನದ ಬಾಡಿಗೆಗೆ ಒಪ್ಪಿದರು. 7,000 ಮತ್ತು ಟೆಂಪೋ 2,500. ಅಕ್ಕೋರು ಕೂಡಿಸಿ, 9,500, ಇನ್ನೂ ಒಂದೂವರೆ ಸಾವಿರ ಉಳೀತದೆ ಅಂದರು.

ನನಗೆ ಅಳು ಬಂದಿತ್ತು. ಎಲ್ಲ ಉಚಿತವಾಗಿ ಆಯ್ತಲ್ಲ ಅಂತ ತಂಡದಲ್ಲಿ ಯಾರೋ ಖುಷಿಯಿಂದ ಅಂದರು. ಅಕ್ಕೋರು ತಕ್ಷಣ ತಡೆದರು. "ಉಚಿತ ಅಲ್ಲ. ಬರೀರಿ. ಯಾರ ಮನೆ ಊಟ, ಯಾರ ಮನೆ ಕರೆಂಟು, ಯಾರ ದೋಣಿ. ದುಡ್ಡು ಕೊಟ್ಟವರ ಹೆಸರಿನ ಕೆಳಗೇ ಬರೀರಿ." ಅವತ್ತು ರಾತ್ರಿ ಆ ನೋಟ್‌ಬುಕ್ಕಿನಲ್ಲಿ ರೂಪಾಯಿ ಇಲ್ಲದ ಒಂದು ಹೊಸ ಪುಟ ಶುರುವಾಯಿತು. ಕ್ರೌಡ್‌ಫಂಡಿಂಗ್ ಬಗ್ಗೆ ಮಾತಾಡುವವರು ಯಾವಾಗಲೂ ಎಷ್ಟು ಲಕ್ಷ ಬಂತು ಅಂತ ಕೇಳುತ್ತಾರೆ. ಆ ಪುಟವನ್ನು ಲಕ್ಷದಲ್ಲಿ ಹೇಳಲಿಕ್ಕೆ ಬರುವುದಿಲ್ಲ. ಅದಿಲ್ಲದೆ ಸಿನಿಮಾ ಆಗುತ್ತಿರಲಿಲ್ಲ ಅನ್ನುವುದು ಮಾತ್ರ ನನಗೆ ಖಚಿತ. ಒಬ್ಬನೇ ನಿರ್ಮಾಪಕ ಇದ್ದಿದ್ದರೆ ಅವತ್ತು ಇನ್ನಷ್ಟು ದುಡ್ಡು ಹಾಕುತ್ತಿದ್ದ, ಅಥವಾ ದೃಶ್ಯ ಬಿಡಿ ಅನ್ನುತ್ತಿದ್ದ. ಖರ್ಚಿನ ಒಂದೊಂದು ಸಾಲನ್ನೂ ಹಿಡಿದು ಇದು ಯಾಕೆ ಅಂತ ಕೇಳುವವರು ಮಾತ್ರ ಇರುತ್ತಿರಲಿಲ್ಲ.

ಮರುದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಫೋನಿನ ಆಪ್ ನೋಡಿಕೊಂಡು ನಾವು ಹೊತ್ತು ಗುರುತು ಹಾಕಿಕೊಂಡಿದ್ದೆವು. ಬಳಚಿನ ಅಕ್ಕ ಕಟ್ಟೆ ಮೇಲೆ ನಿಂತು ಕೆಸರಿನ ಅಂಚು ನೋಡಿ, "ಇನ್ನೂ ತಿರುಗಲಿಲ್ಲ, ಕೂತ್ಕೊಳ್ಳಿ" ಅಂದರು. ಆಪ್‌ನಲ್ಲಿ ಇರುವುದು ಬಂದರಿನ ಲೆಕ್ಕ. ಅಳಿವೆಯ ಒಳಗಿನ ಕವಲಿಗೆ ನೀರು ತಲುಪಲಿಕ್ಕೂ, ತಿರುಗಲಿಕ್ಕೂ ತಡ ಆಗುತ್ತದೆ. ಅವರು ಹೇಳಿದ್ದೇ ಸರಿ ಇತ್ತು. ಅವರು ಕೈ ಎತ್ತಿದಾಗ ಕ್ಯಾಮೆರಾ ಓಡಿಸಿದೆವು. ಮುದುಕನ ಪಾತ್ರ ಮಾಡಿದವರು ಹಿಂದೆ ಯಕ್ಷಗಾನದಲ್ಲಿ ಬಣ್ಣ ಹಚ್ಚಿದವರು, ಕ್ಯಾಮೆರಾ ಅಂದರೆ ಸ್ವಲ್ಪ ಜಾಸ್ತಿಯೇ ಮಾಡುತ್ತಿದ್ದರು. ಅವತ್ತು ಹಲಗೆ ಎತ್ತುವ ಭಾರಕ್ಕೆ ಬೇರೇನೂ ಮಾಡಲಿಕ್ಕೆ ಆಗಲಿಲ್ಲ, ಅದೇ ಬೇಕಿತ್ತು. ನೀರು ಹಲಗೆಯ ಸಂದಿಯಲ್ಲಿ ಮೊದಲು ಸೀಟಿ ಹೊಡೆದ ಹಾಗೆ, ಆಮೇಲೆ ಗುಡುಗಿದ ಹಾಗೆ ಹೊರಗೆ ಬಂತು. ಬಲೆಯಲ್ಲಿ ಶೆಟ್ಲಿ ಪಟಪಟ ಹಾರಿದವು, ನಡುವೆ ನೊಗ್ಲಿ ಮೀನು, ಒಂದೆರಡು ಏಡಿ. ಸೌಂಡ್ ಮಾಡುವ ಹುಡುಗಿ ಮೊಣಕಾಲುದ್ದ ಕೆಸರಿನಲ್ಲಿ ಮೈಕ್ ಹಿಡಿದು ನಿಂತೇ ಇದ್ದಳು, ಕಟ್ ಹೇಳಿದ ಮೇಲೂ ಐದು ನಿಮಿಷ ಬರೀ ನೀರಿನ ಸದ್ದು ತೆಗೆದುಕೊಂಡಳು. ಎಂಟೂವರೆಯ ಬಸ್ಸಿಗೆ ಸಾಮಾನು ಹೋಯಿತು. ದೃಶ್ಯಗಳ ಎರಡು ಪ್ರತಿ ಎರಡು ಹಾರ್ಡ್ ಡಿಸ್ಕಿನಲ್ಲಿ, ಎರಡು ಬೇರೆ ಮನೆಯಲ್ಲಿ ಇಟ್ಟೆವು.

ಈಗ ಮಿಶ್ರಣದ ಕೆಲಸ ನಡೆಯುತ್ತಿದೆ, ತೆಗೆದಿಟ್ಟ ಹಣದಲ್ಲೇ. ಸೆನ್ಸಾರ್ ಪ್ರಮಾಣಪತ್ರ ಆಗಬೇಕು, ಚಿತ್ರೋತ್ಸವಗಳಿಗೆ ಕಳಿಸಬೇಕು. ಊರಿನ ಶಾಲೆ ಮೈದಾನದಲ್ಲೂ ತೋರಿಸುವುದಿದೆ. ಸದ್ಯಕ್ಕೆ ನಾನೂ ಎಡಿಟರೂ ಕೂತು ಜಗಳ ಆಡುತ್ತಿರುವುದು ಕೊನೆಯ ಹೆಸರುಗಳ ಪಟ್ಟಿಗಾಗಿ. ಮುನ್ನೂರಕ್ಕೂ ಹೆಚ್ಚು ಹೆಸರು. ಮೊತ್ತದ ಪ್ರಕಾರ ಅಲ್ಲ, ಅಕಾರಾದಿಯಲ್ಲಿ, ದುಡ್ಡು ಕೊಟ್ಟವರು ಮತ್ತು ಊಟ ಕೊಟ್ಟವರು ಒಟ್ಟಿಗೆ. ಇಷ್ಟು ಉದ್ದ ಯಾರೂ ನೋಡುವುದಿಲ್ಲ, ಬೇಗ ಓಡಿಸೋಣ ಅನ್ನುವುದು ಅವರ ವಾದ. ಅಕ್ಕೋರು ತಮ್ಮ ಕನ್ನಡಕ ಸರಿ ಮಾಡಿಕೊಂಡು ಒಂದೊಂದೇ ಹೆಸರು ಓದಲಿಕ್ಕೆ ಆಗಬೇಕು, ಅಷ್ಟು ನಿಧಾನ ಇರಲಿ ಅಂತ ನಾನು ಹೇಳಿದ್ದೇನೆ.